ಗೆರೆಯ ಮೇಲಿನ ಮನೆ

ನಮ್ಮ ಮನೆಯ ಅಡುಗೆಕೋಣೆ ಕರ್ದಾಗ್ ದೇಶದಲ್ಲಿತ್ತು, ಮಲಗುವ ಕೋಣೆ ಸೂಯ್ಲಿ ದೇಶದಲ್ಲಿತ್ತು. ಜಗಳವಾದ ದಿನ ನನ್ನ ಗಂಡ ಮುನಿಸ್ವಾಮಿ ಚಾಪೆ ಸುತ್ತಿಕೊಂಡು ಅಡುಗೆಕೋಣೆಗೆ ಹೋಗಿ ಮಲಗುತ್ತಿದ್ದರು. "ವೀಸಾ ಇಲ್ದೆ ಈ ಕಡೆ ಕಾಲಿಡ್ಬೇಡ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಗಡಿಗೆರೆ ನಡುಮನೆಯ ಮಧ್ಯೆಯೇ ಹಾದುಹೋಗುತ್ತಿತ್ತು. ಹಾಗಿರಲೆಂದೇ ಕಟ್ಟಿದ ಮನೆ ಅದು.

ನಾನು ಗಂಗರತ್ನ, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವಳು. ಆ ಮನೆಯಲ್ಲಿ ಕೂತು ನಾನು ಮಾಡುತ್ತಿದ್ದದ್ದು ನೀರಗಂಟಿ ಕೆಲಸ. ನಮ್ಮೂರುಗಳಲ್ಲಿ ಕೆರೆಯ ತೂಬೆತ್ತಿ, ಯಾರ ಗದ್ದೆಗೆ ಎಷ್ಟು ಎಂದು ನೋಡಿ ನೀರು ಬಿಡುತ್ತಿದ್ದವನೇ ನೀರಗಂಟಿ. ನನ್ನ ತಾತನೂ ಅದೇ ಆಗಿದ್ದರು. ಆ ಕೆರೆಯ ಕೆಳಗೆ ನೀರಗಂಟಿಗೆ ಗೇಣು ಗದ್ದೆಯೂ ಇರಕೂಡದು ಎಂಬುದು ನಮ್ಮೂರಿನ ಕಟ್ಟುಪಾಡು. ಒಮ್ಮೆ ಊರವರು ಮೆಚ್ಚಿ ತಾತನಿಗೆ ಒಂದು ಮೂಲೆ ಗದ್ದೆ ಕೊಡಲು ಬಂದರಂತೆ. "ಗದ್ದೆ ಬಂದ ದಿನ ನನ್ನ ಕೈ ನನ್ನ ಮಾತು ಕೇಳಾಕಿಲ್ಲ, ಬ್ಯಾಡ ಹೋಗ್ರಪ್ಪ" ಎಂದು ತಾತ ಅವರನ್ನು ವಾಪಸು ಕಳಿಸಿದರಂತೆ.

ದೇಶದೇಶಗಳು ನೀರಿಗಾಗಿ ಬಡಿದಾಡಿ ಸೋತು ಸುಣ್ಣವಾದ ಮೇಲೆ, ಗಡಿ ದಾಟುವ ನದಿ, ಸರೋವರ, ಅಂತರ್ಜಲಗಳಿಗೆಲ್ಲ ಒಂದು ಒಪ್ಪಂದವಾಯಿತು. ಅದನ್ನು ಬರೆಯಲು ಕೂತವರಲ್ಲಿ ನಮ್ಮ ಕಡೆಯವರೊಬ್ಬರು ಇದ್ದಿರಬೇಕು. ನೀರು ಬಿಡುವ ಕೀಲಿ ಆ ನೀರಿನಲ್ಲಿ ಪಾಲಿಲ್ಲದ ದೂರದೇಶದವರ ಕೈಯಲ್ಲಿರಬೇಕು ಎಂದು ಬರೆದರು. ನೀರಗಂಟಿ ಎಂಬ ಹೆಸರನ್ನೂ ಹಾಗೇ ಉಳಿಸಿದರು. ಈಗ ಆ ಪದ ಎಷ್ಟೋ ಭಾಷೆಗಳಲ್ಲಿದೆ, ಯಾರ ನಾಲಿಗೆಯಲ್ಲೂ ನೆಟ್ಟಗೆ ಹೊರಳುವುದಿಲ್ಲ.

ನನ್ನ ಪಾಲಿಗೆ ಬಂದದ್ದು ನದಿಯಲ್ಲ, ನೆಲದಡಿಯ ನೀರು. ಮೇಲೆ ಕಣ್ಣು ಹಾಯುವಷ್ಟು ದೂರ ಉಪ್ಪು ಬಯಲು, ಕೆಳಗೆ ಮರಳಿನ ಪದರದಲ್ಲಿ ಸಿಹಿನೀರು. ಕರ್ದಾಗಿನ ಬೆಟ್ಟಗಳಲ್ಲಿ ಇಂಗಿದ ನೀರು ನಿಧಾನವಾಗಿ ಸೂಯ್ಲಿಯ ಬಾವಿಗಳ ಕಡೆಗೆ ಸಾಗುತ್ತದೆ. ಗಡಿಯುದ್ದಕ್ಕೂ ಆಳವಾದ ಕಂದಕ ತೋಡಿ, ಒಂದು ಬಗೆಯ ಜೇಡಿಮಣ್ಣನ್ನು ತುಂಬಿದ್ದರು. ಸಣ್ಣಗೆ ವಿದ್ಯುತ್ತು ಹರಿಸಿದರೆ ಆ ಜೇಡಿ ಉಬ್ಬಿ ನೀರನ್ನು ತಡೆಯುತ್ತದೆ, ನಿಲ್ಲಿಸಿದರೆ ಕುಗ್ಗಿ ದಾರಿ ಬಿಡುತ್ತದೆ. ನೆಲದೊಳಗಿನ ತೂಬು ಎನ್ನಿ. ಎಲ್ಲಿ ಎಷ್ಟು ಬಿಡಬೇಕೆಂದು ಲೆಕ್ಕ ಹಾಕಲು 'ತಕ್ಕಡಿ' ಎಂಬ ಯಂತ್ರವಿತ್ತು. ಅಳತೆಬಾವಿಗಳಲ್ಲಿ ಇಳಿಬಿಟ್ಟ ಎಳೆಗಳಿಂದ ಅದು ನೀರಿನ ಮಟ್ಟವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಓದುತ್ತಿತ್ತು. ಲೆಕ್ಕ ಯಂತ್ರದ್ದು, ಕೀಲಿ ನನ್ನದು.

ಕಟ್ಟುಪಾಡು ನಮ್ಮ ಮನೆಯನ್ನೂ ಬಿಟ್ಟಿರಲಿಲ್ಲ. ಆ ನೆಲದಡಿಯ ನೀರನ್ನು ನಾವು ಒಂದು ಲೋಟವೂ ಮುಟ್ಟುವಂತಿರಲಿಲ್ಲ. ಚಾವಣಿಯ ಮೇಲೊಂದು ಯಂತ್ರ ಗಾಳಿಯ ತೇವವನ್ನು ಹಿಂಡಿ ನೀರು ಮಾಡುತ್ತಿತ್ತು. ಅಷ್ಟರಲ್ಲೇ ಕುಡಿಯಬೇಕು, ಬೇಯಿಸಬೇಕು, ಒಗೆಯಬೇಕು. ಎರಡು ದೇಶದವರಿಂದ ನಾವು ಏನನ್ನೂ ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಆದರೆ ನಾವು ಕೊಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಮುನಿಸ್ವಾಮಿ ಅದನ್ನೇ ಹಿಡಿದುಕೊಂಡು ಬಂದವರಿಗೆಲ್ಲ ಉಣ್ಣಲಿಡುತ್ತಿದ್ದರು.

ಊರಿನಲ್ಲಿ ಅವರು ರೇಷ್ಮೆಹುಳು ಸಾಕುತ್ತಿದ್ದವರು. ನನಗೆ ಈ ಕೆಲಸ ಸಿಕ್ಕಾಗ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ತಮ್ಮನಿಗೆ ಒಪ್ಪಿಸಿ ನನ್ನ ಹಿಂದೆ ಬಂದರು. ಬಂದ ಹೊಸತರಲ್ಲಿ ದಿನವಿಡೀ ಉಪ್ಪು ಬಯಲನ್ನೇ ನೋಡುತ್ತಾ ಕೂತಿರುತ್ತಿದ್ದರು. "ಕಣ್ಣಿಗೆ ಒಂದು ಹಸುರು ಬೀಳಲ್ವಲ್ಲೇ ರತ್ನ" ಎನ್ನುತ್ತಿದ್ದರು. ಕೊನೆಗೊಂದು ದಿನ, ಅವರಮ್ಮ ಗಂಟು ಕಟ್ಟಿ ಕೊಟ್ಟಿದ್ದ ನುಗ್ಗೆಬೀಜ ನೆನಪಾಗಿ, ಹಿತ್ತಿಲ ಉಪ್ಪಿನ ಹೆಪ್ಪು ಒಡೆದು ಗುಂಡಿ ತೋಡಿ, ಅಡುಗೆಮನೆಯ ಕಸ ಕೊಳೆಸಿ ತುಂಬಿ ಒಂದು ಬೀಜ ಊರಿದರು. ಪಾತ್ರೆ ತೊಳೆದ ನೀರು ಅದಕ್ಕೆ. ಗಿಡ ಎದ್ದಿತು, ಅವರೂ ಎದ್ದರು. ಎರಡನೆಯ ಬೇಸಿಗೆಗೆ ಕಾಯಿ ಬಿಟ್ಟಾಗ ಕರ್ದಾಗಿನ ಎಂಜಿನಿಯರ್ ಬೆಕ್ತೂರನಿಗೂ ಸೂಯ್ಲಿಯ ಎಂಜಿನಿಯರ್ ಆಯ್‌ಜಾನ್‌ಗೂ ಪಾಲು ಹೋಯಿತು. ನುಗ್ಗೆಕಾಯಿ ಜಗಿದು ಸಿಪ್ಪೆ ಉಗುಳಬೇಕೆಂದು ಗೊತ್ತಿಲ್ಲದೆ ಬೆಕ್ತೂರ್ ನಾರನ್ನೆಲ್ಲ ನುಂಗಿ ಕೆಮ್ಮಿದ್ದು ನೆನೆದರೆ ಈಗಲೂ ನಗು ಬರುತ್ತದೆ.

ನಗುವ ದಿನಗಳು ಬೇಗ ಮುಗಿದವು. ತಕ್ಕಡಿಯ ಪರದೆಯ ಮೇಲೆ ನೀರಿನ ಮಟ್ಟ ತೋರಿಸುವ, ನೇರವಾಗಿರಬೇಕಾಗಿದ್ದ ಒಂದು ಗೆರೆ ಅಲುಗತೊಡಗಿತ್ತು. ಹಗಲಿನಲ್ಲಿ ನೀರು ತುಸು ಇಳಿಯುವುದು, ಇರುಳಲ್ಲಿ ಮತ್ತೆ ತುಂಬಿಕೊಳ್ಳುವುದು. ಮೊದಲ ವರ್ಷ ಯಾರೂ ಗಮನಿಸಲಿಲ್ಲ. ಎರಡನೆಯ ವರ್ಷ ಗಮನಿಸಿದರು. ಮೂರನೆಯ ವರ್ಷ ಬೆಕ್ತೂರ್ ಪರದೆಯ ಮುಂದೆ ಎದ್ದು ನಿಂತು ಹೇಳಿಯೇ ಬಿಟ್ಟ. ನಮ್ಮೆಲ್ಲರ ಕಿವಿಯಲ್ಲೂ ಭಾಷೆ ಬದಲಿಸುವ ಗುಂಡಿಯಿತ್ತು. ಅದು ನನ್ನ ಕಿವಿಗೆ ಸುರಿಯುತ್ತಿದ್ದದ್ದು ವಾರ್ತೆ ಓದುವವರ ಕನ್ನಡ.

"ಇದು ಕಳವು. ಸೂಯ್ಲಿಯವರು ಗುಪ್ತವಾಗಿ ಸೌರ ಪಂಪುಗಳನ್ನು ಅಳವಡಿಸಿದ್ದಾರೆ. ಸೂರ್ಯನಿರುವಾಗ ನೀರು ಇಳಿಯುತ್ತದೆ. ಧೂಳು ಕವಿದ ದಿನ ಇಳಿಯುವುದಿಲ್ಲ. ಚಳಿಗಾಲದಲ್ಲಿ ಬೆಳೆಯಿಲ್ಲ, ಆಗಲೂ ಇಳಿಯುವುದಿಲ್ಲ. ಇದಕ್ಕಿಂತ ಯಾವ ಸಾಕ್ಷಿ ಬೇಕು?"

"ಕಳೆದ ಬೇಸಿಗೆಯಲ್ಲಿ ಜಂಟಿ ತನಿಖಾ ತಂಡವು ಬಂದು ಹುಡುಕಿತು. ಒಂದು ಪಂಪೂ ದೊರೆಯಲಿಲ್ಲ" ಎಂದಳು ಆಯ್‌ಜಾನ್.

"ತಂಡವು ಬಂದ ದಿನದಿಂದ ಸುಮಾರು ಮೂರು ವಾರ ಗೆರೆ ನೇರವಾಯಿತು. ಕಳ್ಳರು ಹೆದರಿ ನಿಲ್ಲಿಸಿದರು. ತಂಡವು ಹೋದ ಮೇಲೆ ಮತ್ತೆ ಆರಂಭಿಸಿದರು."

ಗೆರೆ ಅವನು ಹೇಳಿದ ಹಾಗೇ ಇತ್ತು. ತಕ್ಕಡಿಯೂ ಉಪ್ಪು ಬಯಲಿನ ಚೌಕ ಚೌಕವನ್ನೂ ಜಾಲಾಡಿ, ಕರ್ದಾಗ್ ಕಡೆ ಏನೂ ಇಲ್ಲವೆಂದು ಹೇಳಿ ಬೆರಳನ್ನು ಸೂಯ್ಲಿಯ ಕಡೆಗೆ ತೋರಿಸಿತ್ತು. ಕದ್ದ ನೀರೆಂದು ಅದು ಕೊಟ್ಟ ಲೆಕ್ಕದಲ್ಲಿ ಒಂದು ಸಣ್ಣ ಪಟ್ಟಣವೇ ಬದುಕಬಹುದಿತ್ತು. ವಿಚಾರಣೆಗೆ ದಿನ ಗೊತ್ತಾಯಿತು. ಕಳವು ಸಾಬೀತಾದರೆ ಒಂದು ವರ್ಷ ಸೂಯ್ಲಿಯ ಪಾಲು ಅರ್ಧಕ್ಕೆ ಇಳಿಯುತ್ತದೆ. ನಾನೇ ಕೀಲಿ ತಿರುಗಿಸಿ ಜೇಡಿಯನ್ನು ಉಬ್ಬಿಸಬೇಕು. ಗಡಿಯ ಪಕ್ಕದ ಬಾವಿಗಳು ಮೊದಲು ಬತ್ತುತ್ತವೆ.

ಅಂದು ಎಲ್ಲರೂ ಹೋದ ಮೇಲೆ ಆಯ್‌ಜಾನ್ ನಮ್ಮ ಜಗಲಿಯಲ್ಲಿ ಕೂತಳು. ನಮ್ಮಕ್ಕನ ವಯಸ್ಸಿನ ಹೆಂಗಸು, ಗಟ್ಟಿಗಿತ್ತಿ. ಅವಳ ಬಾಯಿಂದ ಅಂಥ ಮಾತು ಬಂದೀತೆಂದು ನಾನು ಎಣಿಸಿರಲಿಲ್ಲ.

"ನನ್ನ ಜನ ಕಳ್ಳರಲ್ಲವೆಂದು ನಾನು ಆಣೆ ಮಾಡಲಾರೆ. ನಾನು ಹಳ್ಳಿ ಹಳ್ಳಿಗೆ ಹೋಗಿ ಕೊಟ್ಟಿಗೆಗಳ ಬೀಗ ಒಡೆಸಿದೆ. ನನ್ನ ಸೋದರತ್ತೆಯ ಮನೆಯ ನೆಲವನ್ನೂ ಅಗೆಸಿದೆ. ಆಕೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಈಗ ಅಲ್ಲಿ ಹಸಿರು ಸೊಪ್ಪು ಬೇಯಿಸಿದವರ ಮನೆಯನ್ನೂ ಅಕ್ಕಪಕ್ಕದವರು ಸಂಶಯದಿಂದ ನೋಡುತ್ತಾರೆ."

ಕಿವಿಗುಂಡಿ ಅದನ್ನೂ ವಾರ್ತೆಯ ಹಾಗೆಯೇ ಓದಿತು. ನಾನು ಅವಳ ಕೈ ಹಿಡಿದುಕೊಳ್ಳಬೇಕೆಂದುಕೊಂಡೆ. ನೀರಗಂಟಿ ಒಂದು ಕಡೆಯವರ ಕೈ ಹಿಡಿಯುವಂತಿಲ್ಲವೆಂದು ಸುಮ್ಮನೆ ಕೂತೆ. ಆ ಕಟ್ಟುಪಾಡಿನ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು.

ವಿಚಾರಣೆಗೆ ವಾರವಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮುದ್ದೆ, ನುಗ್ಗೆಕಾಯಿ ಸಾರು. ಆ ಬೇಸಿಗೆ ಗಾಳಿಯಲ್ಲಿ ತೇವವೇ ಇಲ್ಲದೆ ಚಾವಣಿಯ ಯಂತ್ರ ಬರೀ ತೊಟ್ಟಿಕ್ಕುತ್ತಿತ್ತು. ಪಾತ್ರೆಗಳನ್ನು ಬೂದಿಯಲ್ಲಿ ಉಜ್ಜಿ ಒರೆಸಿಡುತ್ತಿದ್ದೆವು.

"ವಿಚಾರಣೆಗೆ ಎಷ್ಟು ಜನ ಬತ್ತಾರೆ?" ಎಂದರು ಮುನಿಸ್ವಾಮಿ.

"ಇಪ್ಪತ್ತು ಜನ ಆಗ್ಬೋದು. ಯಾಕ್ರೀ?"

"ಹೋದ ಬ್ಯಾಸ್ಗೆ ತನಿಖೆಯವ್ರು ಬಂದಾಗ ಇಡೀ ಮರ ಬೋಳ್ಸಿ ಬಸ್ಸಾರು, ಪಲ್ಯ ಮಾಡಾಕಿದ್ದೆ. ಆಮ್ಯಾಲೆ ಚಿಗುರಾಕೆ ಎಷ್ಟು ದಿನ ತಗಂತು ಗೊತ್ತಾ? ಮೂರು ವಾರ ಕಡ್ಡಿ ಕಡ್ಡಿ ನಿಂತಿತ್ತು, ನೋಡಕ್ಕಾಗ್ತಿರ್ಲಿಲ್ಲ. ಈ ಸಲ ಅರ್ಧ ಬಿಟ್ಟು ಕೀಳೋಣ ಅಂತ. ಪಾಪ, ಹನಿ ನೀರು ಹಾಕ್ದೆ ತಿಂಗ್ಳಾಯ್ತು, ಆದ್ರೂ ಹೆಂಗೆ ಹೂ ಬಿಟ್ಟೈತೆ ನೋಡು."

ಮುರಿದ ಮುದ್ದೆ ನನ್ನ ಕೈಯಲ್ಲೇ ಉಳಿಯಿತು. ಎದ್ದು ಹಿತ್ತಿಲಿಗೆ ಹೋದೆ. ಮರ ಚಾವಣಿ ಮೀರಿ ಬೆಳೆದು ಬಿಳಿ ಹೂ ಚೆಲ್ಲಿಕೊಂಡು ನಿಂತಿತ್ತು. ಅದರ ಬುಡದಿಂದ ನಾಲ್ಕು ಹೆಜ್ಜೆಗೆ ಅಳತೆಬಾವಿಯ ಮುಚ್ಚಳ.

ಹನಿ ನೀರು ಹಾಕದ ಮರ ಉಪ್ಪು ಬಯಲಿನ ನಡುವೆ ಯಾವ ನೀರು ಕುಡಿದು ಹೂ ಬಿಟ್ಟಿತು? ಎಲೆಯಿದ್ದರೆ ಮರ ಹಗಲೆಲ್ಲ ನೀರೆಳೆದು ಗಾಳಿಗೆ ಬಿಡುತ್ತದೆ. ಇರುಳಲ್ಲಿ ಸುಮ್ಮನಿರುತ್ತದೆ. ಧೂಳು ಕವಿದರೆ ಎಳೆಯುವುದಿಲ್ಲ. ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ. ತನಿಖೆಯವರು ಬಂದ ದಿನ ಅವರಿಗೇ ಬಸ್ಸಾರಾಗಿ, ಮೂರು ವಾರ ಎಲೆಯಿಲ್ಲದೆ ನಿಂತಿತ್ತು. ತನಿಖೆಯವರು ಕಳ್ಳನನ್ನು ಹುಡುಕುತ್ತಾ ಬಂದು, ಕಳ್ಳನನ್ನೇ ಉಂಡು, ಕೈ ತೊಳೆದುಕೊಂಡು ಹೋಗಿದ್ದರು.

ಓಡಿಹೋಗಿ ತಕ್ಕಡಿಯಲ್ಲಿ ನಮ್ಮ ಮನೆಯ ಚೌಕವನ್ನು ತೆರೆಸಿ ನೋಡಿದೆ. ಅಲ್ಲಿ ಬರೆದಿತ್ತು: ನೀರಗಂಟಿಯ ಮನೆ, ನೀರಿನ ಬಳಕೆ ಸೊನ್ನೆ, ಬದಲಾಯಿಸುವಂತಿಲ್ಲ. ನಾವು ಆ ನೀರು ಮುಟ್ಟುವುದಿಲ್ಲವೆಂದು ಕಟ್ಟುಪಾಡಿತ್ತಲ್ಲ, ಅದನ್ನೇ ಯಂತ್ರಕ್ಕೆ ಕಲಿಸಿದ್ದರು. ಅದು ಲೋಕವನ್ನೆಲ್ಲ ಅನುಮಾನಿಸಿತು, ನಮ್ಮ ಹಿತ್ತಿಲೊಂದನ್ನು ಬಿಟ್ಟು.

ಮುನಿಸ್ವಾಮಿಗೆ ಹೇಳಿದಾಗ ಅವರು ಮೊದಲು ನಕ್ಕರು.

"ಎಷ್ಟು ಕುಡ್ದಿರ್ಬೋದು ಅದು?"

"ದಿನಕ್ಕೆ ಎರಡು ಕೊಡ, ಮೂರು ಕೊಡ."

"ಎರಡು ಕೊಡ ನೀರಿಗೆ ದೇಶ ದೇಶ ಕಿತ್ತಾಡ್ತಾವಾ?"

"ಅನ್ನ ಬೆಂದೈತಾ ಅಂತ ನೀವು ಒಂದು ಅಗುಳು ಹಿಸುಕಿ ನೋಡ್ತೀರಲ್ವಾ? ಪಾತ್ರೆ ಎಲ್ಲಾ ಹಿಸುಕ್ತೀರಾ? ಈ ಬಯಲಿಗೆಲ್ಲ ನಮ್ಮ ಹಿತ್ತಿಲ ಬಾವಿನೇ ಆ ಅಗುಳು. ಇನ್ನೊಂದು ಬಾವಿ ಬಲು ದೂರ ಐತೆ. ಇಲ್ಲಿ ಒಂದು ಕೂದಲೆಳೆ ಇಳಿದ್ರೆ ಇಡೀ ಬಯಲಲ್ಲಿ ಅಷ್ಟು ಇಳೀತು ಅಂತ ಯಂತ್ರ ಗುಣಿಸಿಬಿಡ್ತು."

ಅವರ ನಗು ನಿಂತಿತು.

"ಈಗೇನಾಗ್ತೈತೆ?"

"ಹೇಳಿದ್ರೆ ನನ್ನ ಕೆಲಸ ಹೋಗ್ತೈತೆ. ಕೆರೆ ಕೆಳಗೆ ನಂಗೆ ಗದ್ದೆ ಇದ್ದಂಗೆ ಆಯ್ತಲ್ಲ. ಈ ಮನೇನೂ ಹೋಗ್ತೈತೆ."

"ಹೇಳ್ದಿದ್ರೆ?"

ಅದನ್ನು ನಾನೂ ಯೋಚಿಸಿದ್ದೆ, ಸುಳ್ಳು ಹೇಳುವುದಿಲ್ಲ. ಮರ ಕಡಿದು ಒಲೆಗೆ ಹಾಕಿದರೆ ಗೆರೆ ನೇರವಾಗುತ್ತದೆ. ಕಳ್ಳರು ಮತ್ತೆ ಹೆದರಿದರು ಎಂದುಕೊಳ್ಳುತ್ತಾರೆ. ನಾನು ಆ ಕುರ್ಚಿಯನ್ನು ಪ್ರೀತಿಸುತ್ತಿದ್ದೆ. ನೀರಗಂಟಿಯ ಮೊಮ್ಮಗಳು ಎರಡು ದೇಶಕ್ಕೆ ನೀರಗಂಟಿಯಾದಳೆಂದು ಮುಳಬಾಗಿಲಿನಲ್ಲಿ ನನಗೆ ಹಾರ ಹಾಕಿ ನುಗ್ಗೇಮರ ಹತ್ತಿಸಿದ್ದರು. ಈಗ ಯಾವ ಮುಖ ಹೊತ್ತು ಇಳಿಯಲಿ?

"ಹೇಳ್ದಿದ್ರೆ, ಆಗಿಹೋದ ಕಳವಿಗೆ ಆಯ್‌ಜಾನ್ ಕಡೆಯವ್ರಿಗೆ ಶಿಕ್ಷೆ ಆಗ್ತೈತೆ. ನಾನೇ ಕೀಲಿ ತಿರುಗಿಸ್ಬೇಕು" ಎಂದೆ. "ಆಕೆ ಸೋದರತ್ತೆ ಮನೆ ನೆಲ ಅಗ್ಸಿದ್ಲಂತೆ ಕಣ್ರೀ. ಕದ್ದಿದ್ದು ನಮ್ಮ ಮನೆ ಮರ."

ಮುನಿಸ್ವಾಮಿ ಎದ್ದು ಅಡುಗೆಕೋಣೆಗೆ ಹೋಗಿ, ಒರೆಸಿಟ್ಟಿದ್ದ ಪಾತ್ರೆಗಳನ್ನು ಮತ್ತೆ ಒರೆಸತೊಡಗಿದರು. ಆಮೇಲೆ ಅಲ್ಲಿಂದಲೇ ಕೂಗಿದರು, "ಬರ್ಲಿ ಬಿಡು ಇಪ್ಪತ್ತು ಜನ. ಅರ್ಧ ಯಾಕೆ, ಪೂರ್ತಿ ಕೀಳೋಣ."

ವಿಚಾರಣೆಯ ದಿನ ಎಲ್ಲರ ಮುಂದೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಯ್‌ಜಾನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆಕ್ತೂರ್ ಎದ್ದು ನಿಂತ.

"ನೀರಗಂಟಿಯವರು ಸೂಯ್ಲಿಯ ಪಕ್ಷ ವಹಿಸಿದ್ದಾರೆ. ಎರಡು ದೇಶಗಳ ವಿವಾದವನ್ನು ಒಂದು ತರಕಾರಿ ಮರದ ಮೇಲೆ ಹೊರಿಸುತ್ತಿದ್ದಾರೆ. ಇದನ್ನು ನಾನು ನಂಬುವುದಿಲ್ಲ."

"ನಂಬಬೇಡಿ, ಎಲೆ ಕೀಳಿ" ಎಂದೆ. "ನೀವೇ ಕೀಳಿ. ನಾಳೆಯೂ ಬಿಸಿಲಿದೆ. ಗೆರೆ ಇಳಿದರೆ ನಾನು ಸುಳ್ಳುಗಾತಿ. ಇಳಿಯದಿದ್ದರೆ ನೀವೇ ಹೇಳಿ."

ಎರಡು ದೇಶದ ದೊಡ್ಡ ಮನುಷ್ಯರು ಕೋಟು ಬಿಚ್ಚಿಟ್ಟು ಹಿತ್ತಿಲಿಗೆ ಇಳಿದರು. ಮುನಿಸ್ವಾಮಿ ಅವರಿಗೆ ಎಲೆ ಬಿಡಿಸುವುದನ್ನು ತೋರಿಸಿಕೊಟ್ಟರು. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕಿತ್ತ ಕೈ ಅವರದು. "ಹಂಗಲ್ಲ, ಕಡ್ಡಿ ಹಿಡ್ದು ಹಿಂದಕ್ಕೆ ಎಳೀಬೇಕು. ರೆಂಬೆ ಮೇಲೆ ಕಾಲಿಡ್ಬೇಡಿ, ನುಗ್ಗೆ ರೆಂಬೆ ಲಟಕ್ಕಂತ ಮುರೀತೈತೆ" ಎನ್ನುತ್ತಿದ್ದರು. ಕಿವಿಗುಂಡಿ 'ಲಟಕ್' ಅನ್ನು ಹೇಗೆ ಹೇಳಿತೋ ಕಾಣೆ, ಎಲ್ಲರೂ ಥಟ್ಟನೆ ಕಾಲು ಹಿಂದೆಗೆದರು. ಬೆಕ್ತೂರ್ ಬೇರೆಯವರ ಕೈಯನ್ನು ನಂಬದೆ ಏಣಿ ಹಾಕಿಕೊಂಡು ತುದಿಯ ಎಲೆಯನ್ನೂ ತಾನೇ ಕಿತ್ತ. ಸಂಜೆಗೆ ಸೊಪ್ಪಿನ ರಾಶಿ ಬಿತ್ತು. ಆಮೇಲೆ ಇನ್ನೇನು, ಬಸ್ಸಾರು. ಎದುರುಬದುರು ಕೂತು ಮುಖ ನೋಡಿಕೊಳ್ಳದೆ ಉಂಡರು, ಆದರೆ ಎರಡು ಕಡೆಯವರೂ ಎರಡನೆಯ ಸಲ ಬಡಿಸಿಕೊಂಡರು.

ಮಾರನೆಯ ದಿನ ಎಲ್ಲರೂ ಪರದೆಯ ಮುಂದೆ ಕೂತೆವು. ಬಿಸಿಲು ಏರಿತು, ನೆತ್ತಿಗೆ ಬಂತು, ಇಳಿಯಿತು. ಗೆರೆ ನೇರವಾಗಿತ್ತು. ಬೆಕ್ತೂರ್ ಬಹಳ ಹೊತ್ತು ನೋಡಿ, ಎದ್ದು ಆಯ್‌ಜಾನ್‌ಳ ಮುಂದೆ ಹೋಗಿ ನಿಂತ.

"ನಿಮ್ಮ ಸೋದರತ್ತೆಯವರ ಮನೆಯ ನೆಲವನ್ನು ಸರಿಪಡಿಸಲು ನಾನು ಬರುತ್ತೇನೆ" ಎಂದ.

ಕಿವಿಗುಂಡಿ ಅದನ್ನೂ ವಾರ್ತೆಯ ಹಾಗೆ ಓದಿತು. ನನಗೆ ಮಾತ್ರ ಅಳು ಬಂತು.

ಆಮೇಲೆ ಎರಡು ಕಡೆಯವರೂ ನನ್ನನ್ನು ಇರಿ ಎಂದರು. ಅಷ್ಟು ವರ್ಷಗಳಲ್ಲಿ ಅವರು ಒಂದೇ ಬಾಯಿಂದ ಹೇಳಿದ ಮಾತು ಅದೊಂದೇ ಇರಬೇಕು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಉಳಿದಿದ್ದರೆ ಕೀಲಿ ತಿರುಗಿಸುವಾಗಲೆಲ್ಲ ನಾನು ಮರದ ಕಡೆ ಒಮ್ಮೆ ನೋಡಿಯೇ ನೋಡುತ್ತಿದ್ದೆ. ಅದರ ಬೇರಿನ ಕಡೆ ಸ್ವಲ್ಪ ಹೆಚ್ಚು ಬಿಟ್ಟರೆ ಅದಕ್ಕೆ ತಂಪಾದೀತೇ ಎಂದು ನೋಡುತ್ತಿದ್ದೆ. ತಾತ ಹೇಳಿದ್ದು ಇದನ್ನೇ. ನನ್ನ ಕೈ ಆಗಲೇ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು.

"ನನಗೆ ಇಲ್ಲೊಂದು ಗದ್ದೆ ಇದೆ" ಎಂದು ಹೇಳಿ ಕೀಲಿಯನ್ನು ಮೇಜಿನ ಮೇಲಿಟ್ಟೆ.

ಮರದ ಗತಿಯೇನು ಎಂದು ಕೇಳುವ ಹಕ್ಕು ನನಗಿರಲಿಲ್ಲ. ಅದನ್ನು ಉಳಿಸುವುದೋ ಕಡಿಯುವುದೋ ಎರಡು ದೇಶದವರು ಕೂತು ತೀರ್ಮಾನಿಸಬೇಕಿತ್ತು. ಹೊರಡುವ ದಿನ ಅದು ಬೋಳಾಗಿ ಕಡ್ಡಿ ಕಡ್ಡಿ ನಿಂತಿತ್ತು. ಮುನಿಸ್ವಾಮಿ ಅದರ ಕಡೆ ತಿರುಗಿಯೂ ನೋಡದೆ ಗಾಡಿ ಹತ್ತಿದರು.

ತಕ್ಕಡಿಯ ಆ ಗೆರೆಯನ್ನು ಲೋಕದಲ್ಲಿ ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು, ಒಪ್ಪಂದವೇ ಹಾಗೆ. ಮುಳಬಾಗಿಲಿಗೆ ಬಂದ ಮೇಲೆ ನಾನು ದಿನಾ ಕದ್ದು ನೋಡುತ್ತಿದ್ದೆ. ನೇರ. ಮಾರನೆಯ ದಿನವೂ ನೇರ. ಕಡಿದಿರಬೇಕು ಎಂದುಕೊಂಡೆ. ಮುನಿಸ್ವಾಮಿ ತಮ್ಮನ ಹುಳುಮನೆಯಲ್ಲಿ ಚಂದ್ರಿಕೆ ಎತ್ತಿಡುತ್ತಾ ಏನೂ ಆಗದವರ ಹಾಗೆ ಇದ್ದರು. ಒಂದು ದಿನ ಅವರ ಫೋನು ಕೈಗೆ ಸಿಕ್ಕಿತು. ಅದರಲ್ಲೂ ಅದೇ ಗೆರೆ ತೆರೆದಿತ್ತು. ನೋಡಿಯೂ ನೋಡದವಳ ಹಾಗೆ ಅಲ್ಲೇ ಇಟ್ಟುಬಂದೆ.

ಮೂರು ವಾರ ಕಳೆದಿರಬೇಕು. ನಾನು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದೆ. ಮುನಿಸ್ವಾಮಿ ಬಂದು ಫೋನನ್ನು ನನ್ನ ಕಣ್ಣಮುಂದೆ ಹಿಡಿದರು. ಗೆರೆ ಹಗಲಿನಲ್ಲಿ ಕೂದಲೆಳೆಯಷ್ಟು ಇಳಿದಿತ್ತು, ಇರುಳಲ್ಲಿ ಏರಿತ್ತು. ಮತ್ತೆ ಇಳಿದಿತ್ತು. ನಮ್ಮ ಹಳೆಯ ಮನೆಯ ಚೌಕವನ್ನು ಒತ್ತಿದೆ. 'ಸೊನ್ನೆ, ಬದಲಾಯಿಸುವಂತಿಲ್ಲ' ಎಂದಿದ್ದ ಜಾಗದಲ್ಲಿ ಹೊಸದಾಗಿ ಬರೆದಿತ್ತು: ಒಂದು ಮರ, ದಿನಕ್ಕೆ ಎರಡು ಕೊಡ. ಒಂದು ಕೊಡ ಕರ್ದಾಗಿನ ಪಾಲಿನಿಂದ, ಒಂದು ಕೊಡ ಸೂಯ್ಲಿಯ ಪಾಲಿನಿಂದ.

"ಚಿಗುರಾಕೆ ಮೂರು ವಾರ ಬೇಕು ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದರು ಮುನಿಸ್ವಾಮಿ. "ನೀನೇ ಸುಮ್ನೆ ಹೆದರ್ಕಂಡಿದ್ದೆ."

ಅವರ ಕೈಯಿಂದ ಫೋನು ತೆಗೆದುಕೊಂಡು, ಆ ಗೆರೆ ಇಳಿಯುವುದನ್ನು ಸಂಜೆಯವರೆಗೂ ನೋಡುತ್ತಾ ಕೂತೆ.